ಮೊಣಕೈ ಇರುವ ಎಣ್ಣೆಕಲೆ

'ಹಳೆ ಹಳಿ ಗೆಳೆಯರ ಬಳಗ'ದ ನಿರ್ವಾಹಕರೂ, ಮೂರು ಸಾವಿರ ಸದಸ್ಯರ ಫೋನುಗಳಲ್ಲಿ ಪ್ರತಿದಿನ ಬೆಳಗಿನ ಚಹಾಕ್ಕೆ ಮೊದಲೇ ಒಂದು ಹಳೆಯ ಎಂಜಿನ್ನನ್ನು ತಂದು ನಿಲ್ಲಿಸುವವರೂ ಆದ ತಮ್ಮ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಸ್ಕ್ಯಾನರ್ ಯಂತ್ರ ಕ್ಷೇಮವೆಂದೂ, ತಮ್ಮ ಬಿಳಿ ಕೈಗವಸುಗಳಿಗೆ ಇನ್ನೂ ಯಾವ ಕಲೆಯೂ ಅಂಟಿಲ್ಲವೆಂದೂ ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ನಾಲ್ಕು ಪತ್ರಗಳಿಗೂ ತಾವು ಒಂದೊಂದು ಹೆಬ್ಬೆರಳಿನ ಚಿತ್ರ ಕಳಿಸಿ ಹರಸಿದ್ದರಿಂದ, ಐದನೆಯದನ್ನು ನಾಲ್ಕು ಜನರ ಎದುರಿಗೇ ಕೊಡೋಣ ಎನ್ನಿಸಿತು.

ನಾನು ಅಚ್ಚುಕೂಟದಲ್ಲಿ ಕರಪತ್ರ ಮಡಚುವವಳು. ಮಡಚುವ ಮುನ್ನ ಓದುವುದು ನನ್ನ ಚಟ. ನ್ಯಾಯ, ಆರೋಗ್ಯ, ದುಡಿಯುವವರ ಹಕ್ಕು, ಬಾವಿ ನೀರಿನ ಶುದ್ಧೀಕರಣ, ಇವೆಲ್ಲವೂ ನನಗೆ ಒಂದು ಹಾಳೆ, ಮೂರು ಮಡಿಕೆಯಷ್ಟು ಗೊತ್ತು. ಹಾಗಾಗಿ ನನ್ನ ಮಾತು ಅಲ್ಲಲ್ಲಿ ದಪ್ಪಕ್ಷರದಲ್ಲಿ ಕೇಳಿಸಿದರೆ ಅದು ಕಸುಬಿನ ದೋಷವೆಂದು ಮನ್ನಿಸಬೇಕು.

ಐದು ತಿಂಗಳ ಹಿಂದೆ ತಾವು ನಮ್ಮ ಮನೆಗೆ ದಯಮಾಡಿಸಿದಿರಿ. ಎರಡು ಲೋಟ ಚಹಾ ಕುಡಿದಿರಿ. ಜೇಬಿನಿಂದ ಕೈಗವಸು ತೆಗೆದು ಹಾಕಿಕೊಂಡು, ಅಜ್ಜಿಯ ಟ್ರಂಕಿನ ತಳದಲ್ಲಿದ್ದ ಅಂಗೈಯಗಲದ ಫೋಟೋವನ್ನು ಎಳೆಗೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡಿರಿ. ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ತಮ್ಮ ಮೇಲೆ ಗೌರವ ಉಕ್ಕಿತು. ನಮ್ಮ ಮನೆಯ ಯಾವ ವಸ್ತುವನ್ನೂ ಯಾರೂ ಅಷ್ಟು ಮರ್ಯಾದೆಯಿಂದ ಮುಟ್ಟಿರಲಿಲ್ಲ. ಅಜ್ಜಿ ಮಾತ್ರ ಬಾಗಿಲವರೆಗೆ ಬಂದು, "ಜೋಪಾನ ಕಣಪ್ಪಾ, ನಮ್ಮನೆಯವರದ್ದು ಇದೊಂದೇ ಇರೋದು" ಎಂದರು. ತಾವು "ಚಿಂತೆ ಬಿಡಿ ಅಮ್ಮಾ, ಇನ್ನು ಮೇಲೆ ಇದನ್ನು ಜಗತ್ತೇ ನೋಡುತ್ತೆ" ಎಂದಿರಿ.

ಫೋಟೋದಲ್ಲಿ ಇದ್ದದ್ದು ಇಷ್ಟು: ಹಿಂದೆ ಕೆಮ್ಮುಗಾಡಿ, ಮುಂದೆ ಅದರ ಡ್ರೈವರ್, ಅಂದರೆ ನಮ್ಮ ಅಜ್ಜ, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗಾಡಿಯ ಬಾನೆಟ್ಟಿನ ಮೇಲೆ.

ಈ ಪತ್ರವನ್ನು ಬಳಗದ ಹೊರಗಿನವರೂ ಓದಬಹುದಾದ್ದರಿಂದ ಕೆಮ್ಮುಗಾಡಿಯ ಪರಿಚಯ ಮಾಡಿಕೊಡಬೇಕು. ಒಂದು ಹಳೆಯ ಬಸ್ಸಿನ ಟೈರು ಕಳಚಿ, ಕಬ್ಬಿಣದ ಗಾಲಿ ತೊಡಿಸಿ, ಯಾವ ದೊಡ್ಡ ರೈಲೂ ಹೋಗಲು ಒಪ್ಪದ ಹನ್ನೊಂದು ಮೈಲಿಯ ಹಳಿಯ ಮೇಲೆ ಬಿಟ್ಟಿದ್ದರು. ರೈಲಿನವರು ಅದನ್ನು ಬಸ್ಸು ಎನ್ನುತ್ತಿದ್ದರು, ಬಸ್ಸಿನವರು ರೈಲು ಎನ್ನುತ್ತಿದ್ದರು, ರಿಪೇರಿಗೆ ಬಂದಾಗ ಇಬ್ಬರೂ ನಮ್ಮದಲ್ಲ ಎನ್ನುತ್ತಿದ್ದರು. ಹೊರಡುವ ಮೊದಲು ಹದಿನೈದು ಸಲ ಕೆಮ್ಮುತ್ತಿತ್ತು. ಹಿಂದಕ್ಕೆ ಹೋಗಲು ಅದಕ್ಕೆ ಬರುತ್ತಲೇ ಇರಲಿಲ್ಲ. ಕೊನೆಯ ನಿಲ್ದಾಣದಲ್ಲಿ ಬೀಸುವ ಕಲ್ಲಿನಂತೆ ತಿರುಗುವ ಒಂದು ಕಬ್ಬಿಣದ ವೇದಿಕೆಯ ಮೇಲೆ ಅದನ್ನು ನಿಲ್ಲಿಸಿ, ಪ್ರಯಾಣಿಕರೆಲ್ಲ ಇಳಿದು ತಳ್ಳಿ, ಮುಖ ಬಂದ ದಾರಿಯ ಕಡೆಗೆ ಮಾಡಬೇಕಿತ್ತು. ಹಾಗೆ ಇಳಿದವರಲ್ಲಿ ತಳ್ಳುವ ಬದಲು ಆರಾಮಾಗಿ ಒರಗಿ ನಿಂತಿದ್ದ ಒಬ್ಬ ಹುಡುಗಿಗೆ ಡ್ರೈವರು, "ಏನಮ್ಮಾ, ಗಾಡಿ ಬೀಳದ ಹಾಗೆ ಹಿಡ್ಕೊಂಡಿದ್ದೀಯಾ?" ಎಂದು ಕೇಳಿದರಂತೆ. ಆ ಹುಡುಗಿಯೇ ಈಗ ನಮ್ಮ ಅಜ್ಜಿ.

ಹಳಿಯ ಮೇಲೆ ಓಡುವ ಗಾಡಿಗೆ ಸ್ಟೀರಿಂಗ್ ಬೇಡ. ಆದರೆ ಅದನ್ನು ಬಿಚ್ಚಬೇಕೆಂದು ಯಾರೂ ಆದೇಶ ಕಳಿಸದ ಕಾರಣ ಕೆಮ್ಮುಗಾಡಿಯಲ್ಲಿ ಅದು ಹಾಗೆಯೇ ಉಳಿದಿತ್ತು. ರಸ್ತೆಯ ಬಸ್ಸು ಓಡಿಸಿ ಬಂದಿದ್ದ ಅಜ್ಜ ಪ್ರತಿ ತಿರುವಿನಲ್ಲೂ ಅದನ್ನು ಶ್ರದ್ಧೆಯಿಂದ ತಿರುಗಿಸುತ್ತಿದ್ದರು. ಒಮ್ಮೆ ಕನ್ನಡಕ ಒರೆಸಿಕೊಳ್ಳಲೆಂದು ತಿರುವಿನಲ್ಲೇ ಎರಡೂ ಕೈ ಬಿಟ್ಟಾಗ, ಒಳಗಿದ್ದವರೆಲ್ಲ "ಅಯ್ಯೋ ಡ್ರೈವರಣ್ಣಾ, ಹಿಡ್ಕೊಳ್ಳಪ್ಪಾ, ಮನೇಲಿ ಮಕ್ಕಳಿದ್ದಾರೆ!" ಎಂದು ಬೊಬ್ಬೆ ಹಾಕಿದರಂತೆ. ಅಜ್ಜ ಹಿಡಿದುಕೊಂಡರು. ಎಲ್ಲರೂ ಬದುಕಿದರು.

ಅಜ್ಜಿ ಹೇಳಿ ನಾನು ಬರೆದುಕೊಂಡ ಈ ನೆನಪನ್ನು ಬಳಗದಲ್ಲಿ ಹಾಕಿದ ಅರ್ಧ ಗಂಟೆಯಲ್ಲಿ ತಾವು ತೆಗೆದುಹಾಕಿದಿರಿ. ನಿಯಮ ನಾಲ್ಕರ ಪ್ರಕಾರ ದಾಖಲೆಯಿಲ್ಲದ ನೆನಪಿಗೆ ಅಲ್ಲಿ ಜಾಗವಿಲ್ಲ. ಮೇಲಾಗಿ ಆ ಮಾದರಿಯಲ್ಲಿ ಸ್ಟೀರಿಂಗ್ ಇರಲು ಸಾಧ್ಯವಿಲ್ಲವೆಂದು ತಮ್ಮ ಬಳಿಯಿರುವ ಪುಸ್ತಕ ಹೇಳುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ತಿರುಗಿಸಿದವರ ಹೆಂಡತಿ ಆ ಪುಸ್ತಕವನ್ನು ಓದಿಲ್ಲ. ನಮ್ಮ ಕಡೆಯಿಂದ ಅದು ತಪ್ಪೇ.

ಆಮೇಲೆ ಬಳಗದಲ್ಲಿ ಫೋಟೋ ಬಂತು. ಎಂಥ ಫೋಟೋ, ಮಾನ್ಯರೇ! ಕೆಮ್ಮುಗಾಡಿಯ ಒಂದೊಂದು ಮೊಳೆಯನ್ನೂ ಎಣಿಸಬಹುದಿತ್ತು. ಗೀರುಗಳು ಮಾಯ, ಮಸುಕು ಮಾಯ, ಜೊತೆಗೆ ನಮ್ಮ ಅಜ್ಜನೂ ಮಾಯ. ನಿಯಮ ಏಳನ್ನು ನಾನು ಆಗಲೇ ಓದಿದ್ದು: "ವಾಹನಕ್ಕೆ ಅಡ್ಡವಾಗಿರುವ ವ್ಯಕ್ತಿ, ಪ್ರಾಣಿ ಹಾಗೂ ಸಾಮಾನುಗಳನ್ನು ನಿವಾರಿಸಲಾಗುವುದು." ಕ್ಯಾಮೆರಾ ಕಂಡರೆ ಗಾಡಿಯ ಹಿಂದೆ ಅಡಗುತ್ತಿದ್ದ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ಮುಂದೆ ಬಂದು ನಿಂತಿದ್ದರು. ಆ ಒಂದು ಸಲವೂ ಅವರು ಅಡ್ಡವಾದರು.

ಆದರೆ ಕೆಲಸದ ಅವಸರದಲ್ಲಿ ತಾವು ಆಳನ್ನು ಅಳಿಸಿ ನೆರಳನ್ನು ಮರೆತಿರಿ. ಅದರಿಂದ ಬಳಗದ ಜ್ಞಾನಕ್ಕೆ ಆದ ಲಾಭವನ್ನು ನಾನು ಎಂದೂ ಮರೆಯಲಾರೆ. ಬಲಗಡೆ ನೆಲದ ಮೇಲೆ ಬಿದ್ದಿರುವ ಆ ಕಪ್ಪು ಆಕೃತಿಯ ಬಗ್ಗೆ ಹದಿನೆಂಟು ದಿನ ಚರ್ಚೆ ನಡೆಯಿತು. ನಿವೃತ್ತ ಎಂಜಿನಿಯರೊಬ್ಬರು ಗೇರ್ ಪೆಟ್ಟಿಗೆಯಿಂದ ಎಣ್ಣೆ ಸೋರಿದೆ ಎಂದರು. ಹಲ್ಲಿನ ವೈದ್ಯರೊಬ್ಬರು, "ಅಲ್ಲ ಸಾರ್, ಎಣ್ಣೆ ಹಾಗೆ ಹರಿಯಲ್ಲ, ಅದು ನೀರು ನಿಂತ ತಗ್ಗು" ಎಂದರು. ಇನ್ನೊಬ್ಬರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಸೋರಿಕೆಯ ವೇಗವನ್ನೇ ಲೆಕ್ಕ ಹಾಕಿದರು. ಕೊನೆಗೆ ತಾವು ಎಣ್ಣೆಯ ಪರವಾಗಿ ತೀರ್ಪು ಕೊಟ್ಟಿರಿ. ಟೋಪಿ ಹಾಕಿಕೊಂಡ, ಸೊಂಟದ ಮೇಲೆ ಕೈಯಿಟ್ಟ, ಮೊಣಕೈ ಹೊರಗೆ ಚಾಚಿದ ಎಣ್ಣೆಯನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಗುರುತಿಸಿದ ಕೀರ್ತಿ ತಮ್ಮ ಬಳಗಕ್ಕೇ ಸಲ್ಲಬೇಕು.

ಮುಂದಿನ ವಾರ ತಾವು ಅದೇ ಚಿತ್ರವನ್ನು ಬಾಗಿಲಗಲಕ್ಕೆ ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಉಡುಗೊರೆಯಾಗಿ ಕಳಿಸಿಕೊಟ್ಟಿರಿ. ಜೊತೆಗೊಂದು ಚೀಟಿ: "ಮೂಲ ಪ್ರತಿ ನಮ್ಮ ಸಂಗ್ರಹದಲ್ಲಿ ಸುರಕ್ಷಿತವಾಗಿದೆ." ಅಜ್ಜಿಯ ಒಂದು ಕಣ್ಣಿಗೆ ಪೊರೆ ಬಂದಿದೆ. ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಹುಡುಕಿದರು. ನಾನು ಚೌಕಟ್ಟನ್ನು ಬೆಳಕಿನ ಕಡೆಗೆ ತಿರುಗಿಸಿ ಹಿಡಿದೆ. ತುಂಬ ಹೊತ್ತಾದ ಮೇಲೆ ಅವರ ಬೆರಳು ಬಾನೆಟ್ಟಿನ ಅಂಚಿನಲ್ಲಿ ನಿಂತಿತು. ಅಲ್ಲಿ ಮೂರು ಸಾವಿರ ಸದಸ್ಯರಿಗೂ ಕಾಣದ ನಾಲ್ಕು ಬೆರಳುಗಳು ಉಳಿದುಹೋಗಿದ್ದವು. "ಕೈ ಇಲ್ಲೇ ಇದೆಯಲ್ಲೇ" ಎಂದರು ಅಜ್ಜಿ. "ಆಳೆಲ್ಲಿ? ಗಾಡಿ ಬಿಟ್ಟು ಹೋಗೋ ಮನುಷ್ಯ ಅಲ್ವಲ್ಲ ಇವರು."

ತಾವು ಕೆಟ್ಟವರೆಂದು ನಾನು ಹೇಳಲಾರೆ. ಕೆಟ್ಟವರಾಗಿದ್ದರೆ ಈ ಪತ್ರ ಇದಕ್ಕಿಂತ ಚಿಕ್ಕದಾಗಿರುತ್ತಿತ್ತು. ತಮಗೆ ಗಾಡಿ ಪ್ರೀತಿ. ಅದನ್ನು ತಳ್ಳಿದವರು, ಒರೆಸಿದವರು, ಅದರ ಕೆಮ್ಮಿಗೆ ಹದಿನೈದು ಸಲ ತಾಳ್ಮೆಯಿಂದ ಕಾದವರು ಮಾತ್ರ ತಮ್ಮ ಕಣ್ಣಿಗೆ ಫೋಟೋದ ಮೇಲಿನ ಧೂಳು. ದುಡಿದವರನ್ನು ಅಳಿಸಿ ದುಡಿಮೆಗೆ ಚೌಕಟ್ಟು ಹಾಕಿಸುವುದನ್ನು ನಾನು ಮಡಚಿದ ಹಾಳೆಗಳಲ್ಲಿ ಬೇರೆ ಹೆಸರಿನಿಂದ ಕರೆಯುತ್ತಾರೆ. ತಮ್ಮಲ್ಲಿ ಅದನ್ನು ಸ್ವಚ್ಛಗೊಳಿಸುವುದು ಎನ್ನುತ್ತಾರಂತೆ. ಹಾಗಿದ್ದರೆ ಅರ್ಧ ಸ್ವಚ್ಛ ಮಾಡಿ ಬಿಡಬೇಡಿ. ದಯವಿಟ್ಟು ಆ ನಾಲ್ಕು ಬೆರಳುಗಳನ್ನೂ ತೆಗೆಯಿರಿ, ನೆರಳನ್ನೂ ತೆಗೆಯಿರಿ, ಹಳಿಯನ್ನು ಹಾಸಿದವರು ಮನುಷ್ಯರಾದ್ದರಿಂದ ಹಳಿಯನ್ನೂ ತೆಗೆಯಿರಿ, ಬಾನೆಟ್ಟಿನ ಹೊಳಪು ಅಜ್ಜಿಯ ಹಳೆಯ ಸೀರೆಯ ತುಂಡಿನಿಂದ ಬಂದದ್ದಾದ್ದರಿಂದ ಆ ಹೊಳಪನ್ನು ಬಿಡಿಸಿ ವಾಪಸು ಕಳಿಸಿ. ಅಲ್ಲಿಗೂ ಗಾಡಿ ಉಳಿದರೆ, ತಾನೇ ಕೆಮ್ಮಿ, ತಾನೇ ಹೊರಟು, ಕೊನೆಯ ನಿಲ್ದಾಣದಲ್ಲಿ ತಾನೇ ಇಳಿದು ತನ್ನನ್ನು ತಿರುಗಿಸಿಕೊಳ್ಳುವಂತೆ ಅದಕ್ಕೆ ತರಬೇತಿ ಕೊಡಿಸಬೇಕೆಂದು ಪ್ರಾರ್ಥನೆ.

ಇಷ್ಟೆಲ್ಲ ತೊಂದರೆ ಬೇಡವೆಂದಾದರೆ ಸುಲಭದ ದಾರಿ ಒಂದಿದೆ. ಅಂಗೈಯಗಲದ ಆ ಮೂಲ ಫೋಟೋವನ್ನು ಅಜ್ಜಿಗೆ ಹಿಂದಿರುಗಿಸಿ. ಕೈಗವಸು ಬೇಕಿಲ್ಲ, ಅಜ್ಜಿ ಅದನ್ನು ಬರಿಗೈಯಲ್ಲೇ ಹಿಡಿಯುತ್ತಾರೆ. ಇನ್ನೊಂದು ಕಣ್ಣಿಗೂ ಪೊರೆ ಇಳಿಯುವ ಮೊದಲು ಕಳಿಸಿದರೆ ಉಪಕಾರ.

ಬರುವ ಭಾನುವಾರ ತಮ್ಮ ಬಳಗದ ವಾರ್ಷಿಕ ಪ್ರದರ್ಶನವೆಂದೂ, ಕೆಮ್ಮುಗಾಡಿಯ ಚಿತ್ರ ಬಾಗಿಲಿನ ಎದುರಿಗೇ ಇರುವುದೆಂದೂ ತಿಳಿಯಿತು. ಅಜ್ಜಿ ಬರುತ್ತಾರೆ. ಮನೆಯಿಂದಲೇ ಮಡಚುವ ಕುರ್ಚಿ ತರುತ್ತೇವೆ. ಆ ಚಿತ್ರದ ಮುಂದೆ, ಸರಿಯಾಗಿ ಎಣ್ಣೆ ಸೋರಿದ ಜಾಗದ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅವರು ಕೂರುತ್ತಾರೆ. ಕೇಳಿದವರಿಗೆಲ್ಲ ಸ್ಟೀರಿಂಗಿನ ಕಥೆ ಹೇಳುತ್ತಾರೆ. ಅವರು ವಾಹನಕ್ಕೆ ಖಂಡಿತ ಅಡ್ಡ ಬರುತ್ತಾರೆ. ನಿಯಮ ಏಳನ್ನು ಜಾರಿ ಮಾಡಲು ತಾವು ಸಿದ್ಧರಾಗಿ ಬರಬೇಕಾಗಿ ವಿನಂತಿ.

ಇತಿ, ನೆರಳು ಬಿದ್ದ ಕಡೆಯಿಂದ,
ತಮ್ಮ ವಿಶ್ವಾಸಿ,
ಅಡ್ಡ ಬಂದವರ ಮೊಮ್ಮಗಳು

ಮರೆತ ಮಾತು: ತಮ್ಮ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆಂದು ತಾವು ಕಳಿಸಿದ ಸಮೂಹ ಚಿತ್ರ ನಮ್ಮ ಅಚ್ಚುಕೂಟಕ್ಕೇ ಬಂದಿದೆ. ಅದರಲ್ಲಿ ಒಂದು ಸುಂದರವಾದ ಎಂಜಿನ್ನಿಗೆ ಇಪ್ಪತ್ತಮೂರು ಜನ ಪದಾಧಿಕಾರಿಗಳು ಸಾಲಾಗಿ ಅಡ್ಡ ನಿಂತಿದ್ದರು. ನಿಯಮಕ್ಕೆ ತಲೆಬಾಗಿ ನಿವಾರಿಸಿದ್ದೇನೆ. ನಡುವೆ ಶಾಲು ಹೊದ್ದು ನಿಂತಿದ್ದ ತಮ್ಮನ್ನು ಎರಡೆರಡು ಸಲ ಒರೆಸಬೇಕಾಯಿತು. ಈಗ ಎಂಜಿನ್ ಬಹಳ ಚೆನ್ನಾಗಿ ಕಾಣುತ್ತದೆ, ಎಣ್ಣೆ ಮಾತ್ರ ಇಪ್ಪತ್ತಮೂರು ಕಡೆ ಸೋರಿದೆ. ಚಿಂತೆ ಬೇಡ. ಮೂಲ ಪ್ರತಿ ನಮ್ಮ ಸಂಗ್ರಹದಲ್ಲಿ ಸುರಕ್ಷಿತವಾಗಿದೆ.