ಡಕೋಟಾ ಮತ್ತು ಹೊತ್ತು ಮುಳುಗುವ ಮುಂಚಿನ ಊಟ

ಕೆಟ್ಟವರಿಂದ ಲೋಕಕ್ಕೆ ಆಗುವ ಹಾನಿಗೆ ಪೊಲೀಸರಿದ್ದಾರೆ, ಕೋರ್ಟಿದೆ. ನನ್ನಂಥ ಮರ್ಯಾದಸ್ಥರಿಂದ ಆಗುವ ಹಾನಿಗೆ ಮಾತ್ರ ಯಾರೂ ಏನೂ ವ್ಯವಸ್ಥೆ ಮಾಡಿಲ್ಲ. ನಾನು ಯಾರಿಗೂ ಬೈದವನಲ್ಲ, ಯಾರ ಮೇಲೂ ಕೈ ಎತ್ತಿದವನಲ್ಲ. ಆದರೆ ‘ಅವರು ಏನು ತಿಳಿದುಕೊಂಡಾರೋ’ ಅನ್ನುವ ಒಂದೇ ಅಂಜಿಕೆಯಿಂದ ಎಷ್ಟು ಜನರ ಕೆಲಸ ಕೆಡಿಸಿದ್ದೇನೆಂದು ನೆನೆದರೆ ನನಗೇ ಹೇಸಿಗೆಯಾಗುತ್ತದೆ. ನಾನು ಬೆಳಗಾವಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ಒಮ್ಮೆ ಒಂದು ಸಭೆಯಲ್ಲಿ ನನ್ನನ್ನು ಭೂಗೋಳದ ಪ್ರಾಧ್ಯಾಪಕರೆಂದು ಪರಿಚಯಿಸಿಬಿಟ್ಟರು. ತುಂಬಿದ ಸಭೆಯಲ್ಲಿ ತಿದ್ದಿದರೆ ಪಾಪ ಅವರಿಗೆ ಅವಮಾನವಾದೀತೆಂದು ಅರ್ಧ ಗಂಟೆ ಮಳೆ ಮಾರುತಗಳ ಬಗ್ಗೆ ಮಾತಾಡಿ ಬಂದೆ. ಚಪ್ಪಾಳೆಯೂ ಬಿತ್ತು. ಇಂಥವನ ಕೈಗೆ ಒಬ್ಬ ಮುದುಕನ ಐವತ್ತು ವರ್ಷದ ಆಸೆ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನಾವು ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕೆನ್ನುವುದು ನಮ್ಮ ನೇಮ. ಅನಗೋಳದ ನಮ್ಮ ಮನೆಯಲ್ಲಿ ನನ್ನ ತಾಯಿ ಅದನ್ನು ಕೊನೆಯವರೆಗೂ ಬಿಡದೆ ನಡೆಸಿದಳು. ನನ್ನ ಕಥೆ ಬೇರೆ. ಸಂಜೆ ಕಾಲೇಜು ಮುಗಿಸಿ, ಗೆಳೆಯರೊಡನೆ ಹರಟಿ, ಟಿಳಕವಾಡಿಯ ಒಂದು ಗಾಡಿಯ ಮುಂದೆ ನಿಂತು ಎಂಟೂವರೆಗೆ ಎರಡು ವಡಾಪಾವ್ ಹೊಡೆಯದಿದ್ದರೆ ನನಗೆ ದಿನ ಮುಗಿದಂತೆಯೇ ಅಲ್ಲ. ಆದರೆ ಖಾನಾಪುರದಲ್ಲಿ ಹೆಣ್ಣು ನೋಡಲು ಹೋದಾಗ ನಮ್ಮ ಮಧ್ಯಸ್ಥಗಾರರು, “ಹುಡುಗ ಭಾಳ ಕಟ್ಟುನಿಟ್ಟ ರೀ, ದೀಪಾ ಹಚ್ಚಿದ ಮ್ಯಾಲ ನೀರ ಸುದ್ದಾ ಮುಟ್ಟಂಗಿಲ್ಲ” ಎಂದು ಘೋಷಿಸಿಬಿಟ್ಟರು. ನಾನು ಅಲ್ಲೇ ಕೂತಿದ್ದೆ. ಹಿರಿಯರ ಮಾತನ್ನು ಸುಳ್ಳು ಮಾಡಬಾರದೆಂದು ತಲೆ ತಗ್ಗಿಸಿದೆ. ಅದನ್ನು ಎಲ್ಲರೂ ವಿನಯವೆಂದುಕೊಂಡರು. ಅಂದಿನಿಂದ ಇಪ್ಪತ್ತಾರು ವರ್ಷ ಮಾವನವರ ಎದುರು ಐದೂವರೆಗೇ ಉಂಡು, ಹಸಿವಿನಿಂದ ಮಗ್ಗಲು ಬದಲಿಸುತ್ತ ಬಂದಿದ್ದೇನೆ. ಮಾವನವರೂ ನನ್ನ ಪಕ್ಕದಲ್ಲೇ ಕೂತು ಅಷ್ಟೇ ಗಂಭೀರವಾಗಿ ಉಣ್ಣುತ್ತಿದ್ದರು.

ಈ ಮಾವನವರು ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಡಕೋಟಾ ವಿಮಾನಗಳ ಕೆಳಗೆ ಮಲಗಿ ಗಾಲಿ, ಬ್ರೇಕು, ಎಣ್ಣೆಯ ಕೊಳವೆ ರಿಪೇರಿ ಮಾಡಿದವರು. ಈಗ ಎಪ್ಪತ್ತೇಳು ವರ್ಷ. ಕಾಚಬಿಂದು ಅನ್ನುವ ಕಣ್ಣಿನ ರೋಗ ಒಂದು ಕಣ್ಣನ್ನು ಪೂರ್ತಿ ತಿಂದಿದೆ. ಇನ್ನೊಂದರಲ್ಲಿ ಕೊಳವೆಯೊಳಗಿನಿಂದ ನೋಡಿದಷ್ಟು ಮಾತ್ರ ಕಾಣುತ್ತದೆ, ಅದೂ ಮುಂದಿನ ವರ್ಷದವರೆಗೆ ಉಳಿಯುವ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಷ್ಟರಲ್ಲಿ ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ವಿಮಾನ ಪ್ರದರ್ಶನ, ಯುದ್ಧಕಾಲದ ಹಳೆಯ ವಿಮಾನಗಳೂ ಹಾರುತ್ತವೆ ಅಂತ ಸುದ್ದಿ ಬಂತು. ಎಂದೂ ಯಾರಿಗೂ ಏನೂ ಕೇಳದ ಮನುಷ್ಯ ನನಗೆ ಫೋನು ಮಾಡಿದರು. “ಅಳಿಯಾರ, ಡಕೋಟಾ ಬರತೈತಂತ. ಅದರ ಹೊಟ್ಟಿ ಕೆಳಗ ನಾಕ ವರ್ಷ ಬಿದ್ದಿದ್ದೆ, ಆದ್ರ ಅದು ಹಾರೂದನ್ನ ಒಮ್ಮೆನೂ ನಿಂತು ನೋಡಲಿಲ್ರಿ. ಒಂದು ಮ್ಯಾಲೆ ಹೋಗೂದ್ರಾಗ ಮತ್ತೊಂದರ ಕೆಳಗ ಹೊಕ್ಕಿರತಿದ್ದೆ. ಕಣ್ಣ ಇರೂದ್ರಾಗ ಒಮ್ಮೆ ನೋಡಬೇಕ್ರಿ.” ನಾನು ಆ ಕೂಡಲೇ ಮಾತು ಕೊಟ್ಟೆ.

ಮಾವನವರು ಬೆಳಗಿನ ರೈಲಿಗೇ ಖಾನಾಪುರದಿಂದ ಬಂದರು. ದೇಸೂರಿನಲ್ಲಿ ಕ್ರಾಸಿಂಗಿಗೆಂದು ನಿಂತ ರೈಲು ಅಲ್ಲೇ ಮುಕ್ಕಾಲು ಗಂಟೆ ಬೇರು ಬಿಟ್ಟಿತಂತೆ. ನಾನಾಗಿದ್ದರೆ ರೈಲ್ವೆಯವರ ಏಳು ತಲೆಮಾರಿಗೆ ಬೈಯುತ್ತಿದ್ದೆ, ಮನಸ್ಸಿನಲ್ಲೇ. ಅವರು ನಗುತ್ತ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗೆ ಹಳೆಯ ಪದಕ. ಸಾಂಬ್ರಾ ಮೈದಾನದಲ್ಲಿ ಮಧ್ಯಾಹ್ನ ಎರಡಕ್ಕೇ ಬಿಸಿಲಲ್ಲಿ ಹೋಗಿ ಕೂತೆವು. ಮುಖ್ಯ ಅತಿಥಿಗಳು ಬಂದದ್ದು ನಾಲ್ಕಕ್ಕೆ. ಬಂದವರು ಆಕಾಶದ ಬಗ್ಗೆ, ಎತ್ತರಕ್ಕೆ ಏರುವುದರ ಬಗ್ಗೆ, ಮುಖ್ಯವಾಗಿ ತಾವು ಏರಿದ್ದರ ಬಗ್ಗೆ ಮಾತಾಡಿದರು. ಜನ ಚುರಮುರಿ ತಿನ್ನುತ್ತ ತಮ್ಮ ಮುಖದ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು.

ಆಮೇಲೆ ಎರಡು ಹಂತದ ರೆಕ್ಕೆಯ ಒಂದು ಪುಟ್ಟ ವಿಮಾನ ಪಟಪಟನೆ ಮೇಲೆದ್ದಿತು. ಅದರ ಹಿಂದೆ ಹಾರ್ವರ್ಡ್ ಅನ್ನುವ ಹಳದಿ ಬಣ್ಣದ ತರಬೇತಿ ವಿಮಾನ ಬಂತು, ಕಿವಿ ಹರಿಯುವ ಸದ್ದು. ಮಾವನವರು ಎದ್ದು ನಿಂತೇಬಿಟ್ಟರು. “ಕೇಳ್ರಿ ಅಳಿಯಾರ, ಕೇಳ್ರಿ! ಪಂಖಾ ಹೆಂಗ ಒದರತೈತಿ! ಇದರ ಮ್ಯಾಲ ಕಲತ ಹುಡುಗೂರನ್ನ ನೋಡಬೇಕಿತ್ರಿ ನೀವು, ಇಳದ ಮ್ಯಾಲ ಒಬ್ಬನ ಕಾಲೂ ನೆಟ್ಟಗ ನಿಲ್ಲತಿದ್ದಿಲ್ಲ.” ಪಕ್ಕದಲ್ಲಿ ಕೂತ ಅಪರಿಚಿತರಿಗೂ ಭುಜ ಹಿಡಿದು ಹಿಡಿದು ವಿವರಿಸಿದರು, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಇಪ್ಪತ್ತಾರು ವರ್ಷದಲ್ಲಿ ನಾನು ಈ ಮನುಷ್ಯನ ಹಲ್ಲು ಕಂಡದ್ದು ಅದೇ ಮೊದಲು. ಡಕೋಟಾ ದೂರದ ತುದಿಯಲ್ಲಿ ನಿಂತಿತ್ತು. ನಾನು ಬೆರಳು ಮಾಡಿ ತೋರಿಸಿದೆ. ಅವರು ತಲೆಯನ್ನು ಅತ್ತಿತ್ತ ತಿರುಗಿಸಿ ಹುಡುಕಿ, “ಅಷ್ಟ ದೂರ ಕಾಣಂಗಿಲ್ರಿ. ಇರಲಿ, ತಲಿ ಮ್ಯಾಲ ಬರತೈತೆಲ್ಲ” ಎಂದರು.

ಆಗ ಧ್ವನಿವರ್ಧಕ ಹೇಳಿತು: ಡಕೋಟಾ ಎಲ್ಲಕ್ಕೂ ಕೊನೆಗೆ, ಇನ್ನು ಮುಕ್ಕಾಲು ಗಂಟೆ. ಗಡಿಯಾರ ನೋಡಿದೆ, ಐದಕ್ಕೆ ಹತ್ತು ನಿಮಿಷ. ಚಳಿಗಾಲ, ಆರಕ್ಕೆ ಕತ್ತಲು. ಈ ಜಾತ್ರೆಯೊಳಗಿಂದ ಅನಗೋಳಕ್ಕೆ ಅರ್ಧ ಗಂಟೆಯಾದರೂ ಬೇಕು. ನನಗೆ ಹಸಿವಿರಲಿಲ್ಲ, ನೇಮದ ಮೇಲೆ ನಂಬಿಕೆಯೂ ಇರಲಿಲ್ಲ. ಆದರೆ ವ್ರತಸ್ಥ ಮುದುಕರನ್ನು ಉಪವಾಸ ಕೆಡವಿದ ಅಳಿಯ ಅಂತ ಖಾನಾಪುರದಲ್ಲಿ ಮಾತಾದರೆ? “ಮಾವಾರ, ಹೊತ್ತಾಗಾಕತ್ತೈತಿ. ಊಟದ ಹೊತ್ತು ಮೀರತೈತಿ. ಹೋಗೂಣೇನ್ರಿ?” ಅಂದೆ. ಅವರು ಒಂದು ಗಳಿಗೆ ಮೈದಾನದ ಕಡೆಗೇ ಮುಖ ಮಾಡಿ ನಿಂತರು. ಆಮೇಲೆ, “ಹೌದಲ್ರೀ. ನಿಮ್ಮ ನೇಮಾ ಕೆಡಬಾರದು. ನಡೀರಿ” ಎಂದು ತಾವೇ ಮುಂದೆ ಹೊರಟರು. ನಾನು ಬಲು ಸಮಾಧಾನದಿಂದ ಸ್ಕೂಟರ್ ಚಾಲೂ ಮಾಡಿದೆ.

ಐದೂ ಮುಕ್ಕಾಲಿಗೆ ಕೈಕಾಲು ತೊಳೆದು ತಾಟಿನ ಮುಂದೆ ಕೂತೆವು. ನನ್ನ ಹೆಂಡತಿ ಪದ್ಮಾ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಮಾವನವರು ಎರಡನೆಯ ತುತ್ತು ಎತ್ತಿದ ಕೈಯನ್ನು ಹಾಗೇ ತಡೆದರು. ನನಗೆ ಏನೂ ಕೇಳಿಸಿರಲಿಲ್ಲ. “ಬಂತ್ರಿ” ಎಂದರು. “ಎರಡೂ ಇಂಜಿನ್. ಅದ ಅದು.” ಆಮೇಲೆ ನನಗೂ ಕೇಳಿಸಿತು, ದಪ್ಪನೆಯ ಗುಂಯ್ ಸದ್ದು, ಊರಿನ ಮೇಲೆ ಸುತ್ತು ಹಾಕಿ ನಮ್ಮ ಕಡೆಗೇ ಬರುತ್ತಿತ್ತು. ಮಾವನವರು ಎಂಜಲು ಕೈಯಲ್ಲೇ ಎದ್ದು ಮಾಳಿಗೆಯ ಗಚ್ಚಿಗೆ ಹತ್ತುವ ಜಿನೆಯ ಕಡೆ ಓಡಿದರು. ಓಡಿದರು ಅಂದರೆ ಗೋಡೆ ತಡವುತ್ತ, ಮೆಟ್ಟಿಲನ್ನು ಕಾಲಿನಿಂದ ಹುಡುಕುತ್ತ. “ನೀವು ಹೋಗ್ರಿ, ನೀವರ ನೋಡ್ರಿ!” ಎಂದು ನನ್ನನ್ನು ಮುಂದೆ ತಳ್ಳಿದರು. ನಾನು ಎರಡೆರಡು ಮೆಟ್ಟಿಲು ಹಾರಿ ಗಚ್ಚಿಗೆ ಬಂದೆ. ನೆತ್ತಿಯ ಮೇಲೇ ಇತ್ತು. ಇಳಿಬಿಸಿಲು ಬಿದ್ದ ಬೆಳ್ಳಿ ಮೈ, ಯಾವ ಅವಸರವೂ ಇಲ್ಲದೆ ನಮ್ಮ ನೀರಿನ ಟಾಕಿಯ ಮೇಲೆ ಹಾದು, ತೆಂಗಿನ ಮರಗಳ ಆಚೆ ಇಳಿದುಹೋಯಿತು. ಮಾವನವರು ಕೊನೆಯ ಮೆಟ್ಟಿಲಿಗೆ ಬಂದಾಗ ಆಕಾಶ ಖಾಲಿಯಾಗಿತ್ತು. ಸದ್ದು ಪೂರ್ತಿ ಅಡಗುವವರೆಗೂ ಅವರು ಮುಖ ಮೇಲೆತ್ತಿ ನಿಂತಿದ್ದರು. ನಾನು ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು.

ಕೆಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಪದ್ಮಾ ದೀಪ ಹಾಕಿದಳು. ಇನ್ನು ಅವರು ಉಣ್ಣುವುದಿಲ್ಲವೆಂದು ನಾನು ತಾಟು ಸರಿಸಹೋದರೆ, ಮಾವನವರು ಸುಮ್ಮನೆ ಕೂತು ರೊಟ್ಟಿ ಮುರಿದರು. ನಾನು ಬಾಯಿ ಬಿಟ್ಟು ನೋಡಿದೆ. “ತಪ್ಪ ತಿಳಕೋಬ್ಯಾಡ್ರಿ ಅಳಿಯಾರ. ಯುದ್ಧದಾಗ ರಾತ್ರಿ ಎರಡಕ್ಕ ರೆಕ್ಕಿ ಕೆಳಗ ಕುಂತು ಉಂಡೀವಿ. ಅವತ್ತಿಂದ ಈ ನೇಮಾ ನನಗ ಸಾಧಿಸಲಿಲ್ಲ. ಮನ್ಯಾಗ ಒಂಬತ್ತಕ್ಕ ಉಣ್ಣಾಂವ. ನೀವು ಬಂದಾಗಷ್ಟ, ಕಟ್ಟುನಿಟ್ಟಿನ ಅಳಿಯಾರ ಮುಂದ ಹೆಂಗ ಅಂತ…”

ಪದ್ಮಾ ಸೌಟನ್ನು ಪಾತ್ರೆಯಲ್ಲಿ ಠಣ್ಣೆಂದು ಬಿಟ್ಟಳು. “ಕಟ್ಟುನಿಟ್ಟು! ಅಪ್ಪಾ, ಇವರು ದಿನಾ ರಾತ್ರಿ ವಡಾಪಾವ್ ತಿಂದು ಬಾಯಿ ಒರಸಿಕೊಂಡ ಬರತಾರ. ನಿಮ್ಮ ಮುಂದ ಇವರ ಮಾನಾ ಕಾಯ್ದೆ, ಇವರ ಮುಂದ ನಿಮ್ಮ ಮಾನಾ ಕಾಯ್ದೆ. ಹಿಂಗ ಆಕ್ಕೇತಂತ ಗೊತ್ತಿದ್ರ ಇಬ್ಬರದೂ ಬೀದಿಗೆ ತರತಿದ್ದೆ.” ಹೇಳುತ್ತಲೇ ಅವಳ ಕಣ್ಣು ತುಂಬಿತು.

ಮಾವನವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು. “ಅಳಿಯಾರ, ನೀವು ಚಲೋತ್ನಂಗ ನೋಡಿದ್ರೆಲ್ಲ. ಗಾಲಿ ಪೂರಾ ಒಳಗ ಹೋಗಿದ್ವೇನ್ರಿ?” ಆ ಗಾಲಿಗಳನ್ನೇ ಅವರು ನಾಲ್ಕು ವರ್ಷ ರಿಪೇರಿ ಮಾಡಿದ್ದು. ನಾನು ಗಾಲಿಯ ಕಡೆ ನೋಡಿಯೇ ಇರಲಿಲ್ಲ. ನೋಡಲಿಲ್ಲ ಅಂದರೆ ಇನ್ನಷ್ಟು ನೊಂದಾರೆಂದು, “ಹೌದ್ರಿ ಮಾವಾರ, ಪೂರಾ ಒಳಗ. ಒಂದೀಟೂ ಕಾಣಲಿಲ್ಲ. ಭಾಳ ಚಂದ ಇತ್ತು” ಎಂದೆ.

ಅವರು ಅನ್ನ ಕಲಸುತ್ತ ಮೆಲ್ಲಗೆ ಹೇಳಿದರು. “ಡಕೋಟಾದ ಗಾಲಿ ಪೂರಾ ಒಳಗ ಹೋಗಂಗಿಲ್ರಿ. ಎಷ್ಟ ಎಳದರೂ ಅರ್ಧ ಹೊರಗ ಉಳಿತಾವ. ಇರಲಿ, ಸಾರು ಹಾಕ್ಕೋರಿ ಅಳಿಯಾರ, ಆರತೈತಿ.”

ನನಗೆ ಉಣ್ಣುವ ಮನಸ್ಸೇ ಇರಲಿಲ್ಲ. ಆದರೂ ಬೇಡ ಅಂದರೆ ಅವರು ಏನು ತಿಳಿದುಕೊಂಡಾರೋ ಎಂದು ಎರಡು ಸೌಟು ಹಾಕಿಸಿಕೊಂಡೆ.