ಟಿನ್‌ಪಾಟ್ ಕ್ರೀಕ್‌ನಲ್ಲಿ ಸಿಕ್ಕ ಕಬ್ಬಿಣದ ಕೊಕ್ಕೆ: ಗುರುತು ಮತ್ತು ಬಿಡುಗಡೆ

ಹಳೇ ಲೋಹ ಶೋಧಕರ ಸಂಘ, ಟಿನ್‌ಪಾಟ್ ಕ್ರೀಕ್, ವಿಕ್ಟೋರಿಯಾ
ಗುರುತು ಪತ್ತೆ ಉಪಸಮಿತಿ

ಸಂಖ್ಯೆ: ಗುಪಉ/ತುಕ್ಕು/17/ತಿದ್ದುಪಡಿ-4
ದಿನಾಂಕ: 14 ಆಗಸ್ಟ್, ಗುರುವಾರ

ವಿಷಯ: ಸದಸ್ಯ ಡ್ಯಾರಿಲ್ ಹಾಕಿಂಗ್ ಅವರ ಡಿಟೆಕ್ಟರ್‌ಗೆ ಸಿಕ್ಕ, ಗೇಣುದ್ದದ, ತುದಿ ಬಾಗಿದ ಕಬ್ಬಿಣದ ವಸ್ತುವಿನ ಬಗ್ಗೆ.

ಉಲ್ಲೇಖ: 1) ಶ್ರೀಮತಿ ನೊರೀನ್ ಟ್ರೆಗಿಯರ್ (ವಯಸ್ಸು 81) ಅವರ ಮೌಖಿಕ ಅರ್ಜಿ. 2) ಅದೇ ಅರ್ಜಿ, ಇನ್ನೂ ಜೋರಾಗಿ.

1. ಸದರಿ ವಸ್ತುವನ್ನು ಮೂರು ದಿನ ವಿನೆಗರ್‌ನಲ್ಲಿ ನೆನೆಹಾಕಿ, ವಾಡಿಕೆಯಂತೆ 'ಕುದುರೆ ಜೀನಿನ ಬಿಡಿಭಾಗ' ಎಂದು ದಾಖಲಿಸಲಾಗಿತ್ತು. ಗುರುತು ಸಿಗದ ಕಬ್ಬಿಣವೆಲ್ಲ ಕುದುರೆಯದೇ ಎಂಬುದು ಸಂಘದ ನಿಯಮ. ಇದರ ಪ್ರಕಾರ ಹಿಂದೆ ನಮ್ಮೂರಲ್ಲಿ ತಲೆಗೆ ಹನ್ನೊಂದು ಕುದುರೆಗಳಿದ್ದವು.

2. ಅಧ್ಯಕ್ಷರು ಇದು ದರೋಡೆಕೋರನ ಪಿಸ್ತೂಲಿನ ತುಂಡೆಂದೂ, ಉಪಾಧ್ಯಕ್ಷರು ಹಲ್ಲು ಕೀಳುವ ಸಾಧನವೆಂದೂ ಪಟ್ಟು ಹಿಡಿದು ಮಾತು ಬಿಟ್ಟಿರುವುದರಿಂದ, ಚಹಾ ವಿರಾಮವನ್ನು ಎರಡು ಪಾಳಿಯಲ್ಲಿ ನಡೆಸಲು ಆದೇಶಿಸಲಾಗಿದೆ.

3. ಮೊದಲ ಪಾಳಿಗೆ ಸ್ಕೋನ್ ಎಂಬ ಬನ್ನು ತಂದ ಶ್ರೀಮತಿ ನೊರೀನ್ ಅವರು "ಅಯ್ಯೋ, ಅದು ನಮ್ಮಮ್ಮನ ಕಬ್ಬಿಣದ ಸೌದೆ ಒಲೆಯ ಬಿಸಿ ಮುಚ್ಚಳ ಎತ್ತೋ ಕೊಕ್ಕೆ ಕಣ್ರಯ್ಯಾ!" ಎಂದರು. ಅವರು ಸದಸ್ಯರಲ್ಲವಾದ್ದರಿಂದ ಇದನ್ನು ಕೇಳಿಸಿಲ್ಲವೆಂದು ಪರಿಗಣಿಸಲಾಗಿತ್ತು.

4. ಎರಡನೇ ಅರ್ಜಿಯಿಂದ ತಿಳಿದುಬಂದದ್ದು: ಎಂಟನೇ ವಯಸ್ಸಿನಲ್ಲಿ ಸದರಿಯವರು ಚಿನ್ನ ಅಗೆಯಲು ಕೊಕ್ಕೆ ಒಯ್ದು ಕಳೆದುಹಾಕಿದರು. ಏಟು ಬಿದ್ದದ್ದು ಇವರ ತಮ್ಮನಾದ ಲೆಸ್‌ಗೆ. ಇವರು ಎಪ್ಪತ್ಮೂರು ವರ್ಷ ಬಾಯಿ ಬಿಡಲಿಲ್ಲ. 11ರ ಸೋಮವಾರ ಲೆಸ್‌ರ ಎದೆಯ ಆಪರೇಷನ್ ಇತ್ತು. ಅಷ್ಟರೊಳಗೆ ಕೊಕ್ಕೆ ಹಿಡಿದು ತಪ್ಪೊಪ್ಪಿಕೊಳ್ಳಬೇಕಿತ್ತು. ಆದರೆ ನವೆಂಬರ್ ಪ್ರದರ್ಶನ ಮುಗಿಯುವವರೆಗೆ ಯಾವ ವಸ್ತುವನ್ನೂ ಹೊರಗೆ ಕೊಡುವಂತಿರಲಿಲ್ಲ.

5. ಆದ್ದರಿಂದ 9ರ ಶನಿವಾರ ಸದರಿಯವರ ಅಡುಗೆಮನೆಯಲ್ಲೇ, ಇನ್ನೂ ಅಲ್ಲಿರುವ ಅಮ್ಮನ ಒಲೆಯ ಮೇಲೆ ಪರೀಕ್ಷೆ ನಡೆಸಲಾಯಿತು. ಮುಚ್ಚಳ ಎದ್ದಿತು. ಪಿಸ್ತೂಲಿನಿಂದಲೂ ಮುಚ್ಚಳ ಎತ್ತಬಹುದೆಂಬ ಅಧ್ಯಕ್ಷರ ಭಿನ್ನಾಭಿಪ್ರಾಯವನ್ನು ದಾಖಲಿಸಿ, ಕೊಕ್ಕೆಯನ್ನು ಬಿಡುಗಡೆ ಮಾಡಲಾಯಿತು. ನಿಯಮವನ್ನು ಹಿಂದಿನ ದಿನಾಂಕದಿಂದ ತಿದ್ದಲಾಗಿದೆ. ಇಂಥ ವಿಷಯಕ್ಕೂ ನಿಯಮ ನೋಡಿದ್ದು ನಾಚಿಕೆಗೇಡು ಎಂದು ಉಪಸಮಿತಿಗೆ ಅನ್ನಿಸಿದೆ.

6. ಇನ್ನು ಮುಂದೆ ಯಾವುದೇ ವಸ್ತುವಿಗೆ ಹೆಸರಿಡುವ ಮುನ್ನ, ಅದನ್ನು ಬಳಸಿದ ಹೆಂಗಸರು ಊರಲ್ಲಿ ಬದುಕಿದ್ದಾರೆಯೇ ಎಂದು ವಿಚಾರಿಸತಕ್ಕದ್ದು. ವಿಚಾರಿಸುವಾಗ ಬಾಯಲ್ಲಿ ಸ್ಕೋನ್ ಇರಕೂಡದು.

7. ಅನುಪಾಲನಾ ವರದಿ: 10ರ ಭಾನುವಾರ ಡ್ಯಾರಿಲ್ ಅವರು ಸದರಿಯವರನ್ನು ಆಸ್ಪತ್ರೆಗೆ ಕರೆದೊಯ್ದರು. "ತಪ್ಪು ನಂದು ಲೆಸ್, ಏಟು ನೀನು ತಿಂದೆ ಕಣೋ" ಎಂದು ಸದರಿಯವರು ಅತ್ತರು. ರೋಗಿಯು ಕೊಕ್ಕೆಯನ್ನು ತಿರುಗಿಸಿ ಮುರುಗಿಸಿ ನೋಡಿ ಹೀಗೆಂದರು: "ಆ ಏಟು ಇದಕ್ಕಾ? ನಾನು ಜಾಮ್ ಕದ್ದಿದ್ದಕ್ಕೆ ಅಂದ್ಕೊಂಡಿದ್ನಲ್ಲೇ ಅಕ್ಕ! ಹಾಗಾದ್ರೆ ಜಾಮ್ ವಿಷಯ ಅಮ್ಮನಿಗೆ ಗೊತ್ತೇ ಆಗ್ಲಿಲ್ವಾ?"

ಸಹಿ/-
(ಗ್ರಹಾಂ ಪೆನ್‌ಹಾಲ್)
ಕಾರ್ಯದರ್ಶಿ, ಗುರುತು ಪತ್ತೆ ಉಪಸಮಿತಿ

ಪ್ರತಿಗಳು:
1. ಅಧ್ಯಕ್ಷರು, ಮಾಹಿತಿಗಾಗಿ.
2. ಉಪಾಧ್ಯಕ್ಷರು, ಬೇರೆ ಲಕೋಟೆಯಲ್ಲಿ.
3. ಶ್ರೀಮತಿ ನೊರೀನ್ ಟ್ರೆಗಿಯರ್, ಕ್ಷಮಾಪಣೆಯೊಂದಿಗೆ.
4. ಶ್ರೀ ಲೆಸ್, ಹಾಸಿಗೆ ಸಂಖ್ಯೆ 6. ಹೊಲಿಗೆ ಒಣಗುವವರೆಗೆ ನಗಬಾರದೆಂದು ವೈದ್ಯರು ಹೇಳಿರುವುದರಿಂದ, ಏಳನೇ ಕಲಂ ಹೊರತುಪಡಿಸಿ.