ಮೊಳೆಯಲ್ಲಿ ಉಳಿದ ಬಿಲ್ಲೆ

ನಗಬಾರದು ಅಂತ ಹಲ್ಲು ಕಚ್ಚಿಕೊಂಡು ಕೂತ ದಿನವೇ ನಮ್ಮ ಪ್ರಾರ್ಥನಾ ಸಭೆಯಲ್ಲಿ ನಗು ಬರುವಂಥದ್ದು ಏನಾದರೊಂದು ನಡೆದುಹೋಗುತ್ತದೆ. ಉರಿಗಾಂನ ಹಳೆ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರಲ್ಲಿ ಭಾನುವಾರ ಸೇರುವ ಹದಿನಾಲ್ಕು ಜನ ನಾವು. ಗೋಪುರವಿಲ್ಲ, ಗಂಟೆಯಿಲ್ಲ, ಪಾಸ್ಟರು ಬರುವುದು ತಿಂಗಳಿಗೊಮ್ಮೆ. ನಾನು ಗದಗದ ಕಡೆಯವನು. ಕಾರ್ಖಾನೆ ಕೆಲಸಕ್ಕೆ ಬಂದು ಬಂಗಾರಪೇಟೆಯಲ್ಲಿ ಮನೆ ಮಾಡಿದವನು. ಊರಿನ ದೊಡ್ಡ ಚರ್ಚಿನ ಶಿಸ್ತಿನಲ್ಲಿ ಬೆಳೆದ ನನಗೆ ಮೊದಲ ದಿನವೇ 'ಇದೂ ಒಂದು ಸಭೆಯೇ?' ಅನ್ನಿಸಿತ್ತು. ಆದರೂ ಹೆಂಡತಿ ತೀರಿಕೊಂಡ ಮೇಲೆ ಭಾನುವಾರ ಖಾಲಿ ಮನೆಯಲ್ಲಿ ಕೂರಲಾರದೆ ಬರುತ್ತಿದ್ದೆ.

1. ಏಳೋದಾ, ಕೂರೋದಾ?

ಇಲ್ಲಿ ಒಬ್ಬೊಬ್ಬರು ಒಂದೊಂದು ಚರ್ಚಿನಿಂದ ಬಂದವರು. ಟೈಲರಮ್ಮ ಮೊಣಕಾಲೂರುತ್ತಾರೆ. ಆಂಡರ್ಸನ್‌ಪೇಟೆಯ ಆಟೋದವರು ಎದ್ದು ನಿಲ್ಲುತ್ತಾರೆ. ಕಣ್ಣಿಗೆ ಪೊರೆ ಬಂದ ಅಜ್ಜಿಯೊಬ್ಬರು ಕೂತಲ್ಲೇ ಚಪ್ಪಾಳೆ ತಟ್ಟುತ್ತಾರೆ. ತಪ್ಪಾಗಬಾರದೆಂದು ಮೊದಲ ದಿನ ನಾನು ಮೂವರನ್ನೂ ಓರೆಗಣ್ಣಿನಿಂದ ನೋಡುತ್ತಾ ಮೊಣಕಾಲೂರಿದೆ, ಎದ್ದೆ, ಕೂತೆ, ಮತ್ತೆ ಎದ್ದೆ.

ಮನೆಯ ಯಜಮಾನರಾದ ತಾತ ಮೊದಲು ಗಣಿಯಲ್ಲಿ ಕೆಲಸ ಮಾಡುತ್ತಿದ್ದವರು. ಪ್ರಾರ್ಥನೆ ಮುಗಿದ ಮೇಲೆ ಬಂದು, "ಸೊಂಟ ಇಡ್ಕೊಂತಾ ಸಾರ್?" ಅಂದರು.

"ಇಲ್ಲ ತಾತ. ಇಲ್ಲಿಯ ನಿಯಮ ಏನು?"

ತಾತ ನನ್ನ ಪಕ್ಕದಲ್ಲೇ ಕೂತರು. "ಕಣ್ ಮುಚ್ಕಬೇಕು, ಅಷ್ಟೇಯ. ಕಣ್ ಬುಟ್ರೆ ತಾನೇ ಪಕ್ಕದೋರು ನಿಂತವ್ರೋ ಕೂತವ್ರೋ ಅಂತ ಕಾಣೋದು?"

2. ನಲ್ಲಿಯ ಮುಂದೆ

ತಾತನ ಗೋಡೆಯ ಮೇಲೆ ಒಂದು ಹಲಗೆ, ಅದರಲ್ಲಿ ಹದಿನಾಲ್ಕು ಮೊಳೆ, ಮೊಳೆಗೊಂದು ತಗಡಿನ ಬಿಲ್ಲೆ. ಬಂದವರು ತಮ್ಮ ಬಿಲ್ಲೆ ತೆಗೆದುಕೊಳ್ಳಬೇಕು. ಗಣಿಗೆ ಇಳಿಯುವವರು ಬಿಲ್ಲೆ ಮೊಳೆಗೆ ಹಾಕಿ ಹೋಗಿ, ಮೇಲೆ ಬಂದ ಮೇಲೆ ತೆಗೆದುಕೊಳ್ಳುತ್ತಿದ್ದರಂತೆ; ಬಿಲ್ಲೆ ಉಳಿದಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ತಿಳಿಯುತ್ತಿತ್ತಂತೆ. ಹಾಗಾಗಿ ಮೊಳೆಯಲ್ಲಿ ಬಿಲ್ಲೆ ಉಳಿದರೆ ಆ ಮನುಷ್ಯನನ್ನು ಹುಡುಕದೆ ನಮ್ಮ ಪ್ರಾರ್ಥನೆ ಮುಗಿಯುವಂತಿಲ್ಲ.

ಒಂದು ಭಾನುವಾರ ಅಜ್ಜಿಯ ಬಿಲ್ಲೆ ಉಳಿದಿತ್ತು. "ಒಬ್ರು ಇನ್ನೂ ಕೆಳಗವ್ರೆ ಕಣ್ರೋ!" ಅಂತ ತಾತ ಕೂಗಿದರು. ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರೂ ಹೊರಟೆವು. ನಾಲ್ಕು ದಿನದಿಂದ ಇಲ್ಲದ ನೀರು ಅವತ್ತು ಬಂದಿತ್ತು. ಅಜ್ಜಿ ಬೀದಿ ನಲ್ಲಿಯ ಮುಂದೆ ಇಡೀ ಸಾಲಿನ ಕೊಡಗಳನ್ನು ಕಾಯುತ್ತಾ ನಿಂತಿದ್ದರು.

"ನಾನ್ ಬಂದ್ರೆ ಕೊಡ ತುಂಬೋರ್ಯಾರು ನಾಯನಾ?" ಅಂದರು.

ಸರಿ, ಸಭೆಯೇ ನಲ್ಲಿಗೆ ಬಂತು. ಕೊಡ ತುಂಬಿಸುತ್ತಾ ಹಾಡಿದೆವು. ಸಾಲಿನಲ್ಲಿ ನಿಂತಿದ್ದ ಪಕ್ಕದ ಬೀದಿಯ ಹೆಂಗಸು ತಾತನನ್ನು ಕೇಳಿದಳು, "ನೀವ್ ಹಾಡೋಕ್ ಇಡ್ದಾಗಿಂದ ನೀರು ನಿಂತೇ ಇಲ್ಲ. ನಮ್ ಬೀದಿ ನಲ್ಲಿಗೂ ಒಂದಿನ ಬತ್ತೀರಾ?"

3. ಜ್ವರ ಬಂದ ಭಾನುವಾರ

ಇಷ್ಟಾದರೂ ನನ್ನ ಶಿಸ್ತಿನ ಹುಳು ಸಾಯಲಿಲ್ಲ. ಒಂದು ವಾರ ಕೂತು 'ಆರಾಧನೆಯ ಕ್ರಮ' ಬರೆದು, ಯಾವಾಗ ಏಳಬೇಕು, ಯಾವಾಗ ಕೂರಬೇಕು ಅಂತ ಅಚ್ಚು ಹಾಕಿಸಿ ಹಂಚಿದೆ. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಬಿಸಿ ಚಹಾದ ಪಾತ್ರೆಯ ಕೆಳಗಿಟ್ಟರು. ಎಲ್ಲರೂ ನಕ್ಕರು. ನನಗೆ ಬಹಳ ನೋವಾಯಿತು. ಹೆಂಡತಿ ಇದ್ದಿದ್ದರೆ ಮನೆಗೆ ಬಂದ ಮೇಲೆ ನನ್ನನ್ನೂ ನಗಿಸುತ್ತಿದ್ದಳು. ಒಬ್ಬನೇ ಇದ್ದೆನಲ್ಲ, ಸಿಟ್ಟು ವಾರವಿಡೀ ಬೆಳೆಯಿತು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಅಂತ ತೀರ್ಮಾನಿಸಿ, ಭಾನುವಾರ ಬೆಳಿಗ್ಗೆ 'ಜ್ವರ' ಅಂತ ಮೆಸೇಜು ಕಳಿಸಿದೆ. ಮರುದಿನ ಕಾರ್ಖಾನೆಯಲ್ಲಿ ಗುಂಪು ಫೋಟೊ ಇತ್ತು. ಆರಾಮಾಗಿ ಕೂತು ತಲೆಗೆ ಕಪ್ಪು ಬಣ್ಣ ಬಳಿದುಕೊಂಡೆ.

ಬಾಗಿಲು ತಟ್ಟಿದ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಹದಿಮೂರು ಜನ! ರೈಲು ಹತ್ತಿ ಉರಿಗಾಂನಿಂದ ಬಂದಿದ್ದರು. ತಲೆಗೆ ಟವೆಲು ಸುತ್ತಿ, ಮುಲುಗುತ್ತಾ ಬಾಗಿಲು ತೆರೆದೆ.

ತಾತ ನನ್ನ ಬಿಲ್ಲೆಯನ್ನು ಅಂಗೈಯಲ್ಲಿಟ್ಟರು. "ಜ್ವರ ಅಂದ್ರಿ. ಒಬ್ರೇ ಇರೋರು, ಗಂಜಿ ಕಾಯ್ಸೋರ್ಯಾರು ಅಂತ ಎಲ್ರೂ ಬಂದ್ಬುಟ್ವಿ ಸಾರ್."

ಸುಳ್ಳು ಹೇಳಿದೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ, "ತಲೆ ಕಟ್ಟಿದ್ರೆ ಕಾವು ಇಳಿಯಲ್ಲ ನಾಯನಾ," ಅಂತ ಟವೆಲು ಕಿತ್ತರು. ಉಳಿದವರು ಆಗಲೇ ನಿಯಮದಂತೆ ಕಣ್ಣು ಮುಚ್ಚಿದ್ದರು. ಹದಿಮೂರು ಜನರ ಕೈಗಳು ನನ್ನ ತಲೆಯ ಮೇಲೆ ಬಂದವು.

ಯಾರಾದರೂ ನನ್ನ ತಲೆ ಮುಟ್ಟಿ ಎಷ್ಟು ಕಾಲವಾಗಿತ್ತೋ! ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಜ್ವರ ಜಾಸ್ತಿಯಾಯಿತೆಂದು ಅವರು ಇನ್ನೂ ಗಟ್ಟಿಯಾಗಿ ಒತ್ತಿ ಪ್ರಾರ್ಥಿಸಿದರು. ಆಮೆನ್ ಅಂದು ಕಣ್ಣು ಬಿಟ್ಟಾಗ ಹದಿಮೂರು ಜನರ ಅಂಗೈಯೂ ಕಪ್ಪು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಅವರು ನನ್ನ ಮನೆಯಲ್ಲೇ ಗಂಜಿ ಕಾಯಿಸಿ, ನನಗೂ ಕೊಟ್ಟು, ತಾವೂ ಕುಡಿದು ಹೋದರು.

ಆ ಬಣ್ಣ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಎರಡೇ ದಿನಕ್ಕೆ ಪಾಸ್ಟರು ತಿಂಗಳ ಭೇಟಿಗೆ ಬಂದರು, ಭಾನುವಾರವಲ್ಲದಿದ್ದರೂ ಎಲ್ಲರೂ ಸೇರಿದೆವು. ಪ್ರಾರ್ಥನೆಯಲ್ಲಿ ಎಲ್ಲರೂ ಕೈ ಎತ್ತಿದಾಗ ನಮ್ಮ ನಿಯಮ ಪಾಲಿಸದ ಅವರು ಕಣ್ಣು ಬಿಟ್ಟೇ ಇದ್ದರು.

"ಇದೇನ್ರೀ ಕೈ? ಯಾವ ಚರ್ಚಿನ ಪದ್ಧತಿ ಇದು?" ಅಂತ ಗಾಬರಿಯಿಂದ ಕೇಳಿದರು.

ನಾನು ತಲೆ ತಗ್ಗಿಸಿದೆ. ತಾತ ಮಾತ್ರ ಕಣ್ಣು ಬಿಡದೆಯೇ ಹೇಳಿದರು, "ಪದ್ಧತಿ ಅಲ್ಲ ಅಯ್ಯಾ. ನಮ್ ಸಾರು ಒಬ್ರು ಕೆಳಗೇ ಉಳ್ಕೊಂಡಿದ್ರು, ಎಲ್ರೂ ಸೇರಿ ಮೇಲಕ್ ಎಳ್ಕೊಂಡ್ವಿ. ಗಣಿಗ್ ಕೈ ಆಕಿದ್ಮೇಲೆ ಮಸಿ ಅಂಟ್ಕೊಳ್ಳಲ್ವಾ?"